ನೆಟ್ಟಲ್ಲಿ ಓದಿದ್ದಕ್ಕೆ ಉಲ್ಲೇಖ ಕೊಡುವುದು: ಎಪಿಎ, ಎಂಎಲ್‌ಎ, ಅಡಿಟಿಪ್ಪಣಿ, ಐಇಇಇ, ಇವುಗಳಲ್ಲಿ ನಿಮಗೆ ಯಾವುದು?

ಮಾನಸಗಂಗೋತ್ರಿಯಲ್ಲಿ ಪಿಎಚ್.ಡಿ. ಥೀಸಿಸ್ ಬರೆಯುವವರು, ಮಂಡ್ಯದಲ್ಲಿ ಎಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟ್ ಮುಗಿಸುತ್ತಿರುವವರು, ಸೆಮಿನಾರಿಗೆ ಪೇಪರ್ ಸಿದ್ಧ ಮಾಡುವ ಮೇಷ್ಟ್ರುಗಳು, ಇವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಪುಸ್ತಕಕ್ಕಾದರೆ ಹೇಗೋ ಬರೀತೀವಿ. ನೆಟ್ಟಲ್ಲಿ ಓದಿದ್ದಕ್ಕೆ ಉಲ್ಲೇಖ ಹೇಗೆ ಕೊಡೋದು? ಎಪಿಎ ಅಂತಾರೆ, ಎಂಎಲ್‌ಎ ಅಂತಾರೆ, ಅಡಿಟಿಪ್ಪಣಿ ಹಾಕಿ ಅಂತಾರೆ. ಯಾವುದನ್ನ ಹಿಡಿಯೋದು?"

ಕೇಳಲೇಬೇಕಾದ ಪ್ರಶ್ನೆ. ಈಗಲೂ ಎಷ್ಟೋ ಬರಹಗಳ ಕೊನೆಯಲ್ಲಿ "ಮೂಲ: ಗೂಗಲ್" ಅಥವಾ "ಕೃಪೆ: ಅಂತರ್ಜಾಲ" ಎಂದಿರುತ್ತದೆ. ಮನೆ ವಿಳಾಸ ಕೇಳಿದವರಿಗೆ "ಸರಸ್ವತಿಪುರಂ" ಎಂದಷ್ಟೇ ಹೇಳಿ ಕಳಿಸಿದ ಹಾಗಾಯಿತು ಇದು. ಎಷ್ಟನೇ ಮೇನ್, ಎಷ್ಟನೇ ಕ್ರಾಸ್ ಎಂದು ಹೇಳದಿದ್ದರೆ ಬಂದವರು ಸುತ್ತುತ್ತಲೇ ಇರಬೇಕು. ಗೂಗಲ್ ಹುಡುಕಿ ಕೊಟ್ಟಿತು, ಅಷ್ಟೇ. ಬರೆದವರು ಬೇರೆ ಯಾರೋ. ಓದುವವರು ನೀವು ನೋಡಿದ ಅದೇ ಪುಟಕ್ಕೆ ಹೋಗಿ, ನೀವು ಹೇಳಿದ ಮಾತು ಅಲ್ಲಿ ಇದೆಯಾ ಎಂದು ನೋಡುವಂತಿರಬೇಕು. ಉಲ್ಲೇಖದ ಕೆಲಸ ಅದು. ಮುಂದೆ ಒಂದೊಂದು ಪದ್ಧತಿಯನ್ನೂ ಇದೇ ಅಳತೆಯಿಂದ ನೋಡಿದ್ದೇನೆ.

ಮೊದಲು ಏನನ್ನು ನೋಡಬೇಕು

ನಿಮಗೆ ಆಯ್ಕೆ ಇದೆಯೋ ಇಲ್ಲವೋ ಎಂಬುದು ಮೊದಲನೆಯದು. ವಿಭಾಗದ ನಿಯಮ, ನಿಮ್ಮ ಗೈಡ್ ಹೇಳಿದ್ದು, ಪೇಪರ್ ಕಳಿಸುವ ಪತ್ರಿಕೆಯ ಸೂಚನೆ ಇದ್ದರೆ ಅದೇ ಕೊನೆಯ ಮಾತು. ಹೀಗಾಗಿ ಸಿನಾಪ್ಸಿಸ್ ಹಂತದಲ್ಲೇ ಕೇಳಿಬಿಡಿ. ಮುನ್ನೂರು ಪುಟ ಟೈಪಾದ ಮೇಲೆ ಪದ್ಧತಿ ಬದಲಿಸುವುದು ಬಹಳ ಕಷ್ಟದ ಕೆಲಸ.

ಎರಡನೆಯದು, ನಿಮ್ಮ ಆಕರಗಳು ಎಂಥವು ಎಂಬುದು. ಜರ್ನಲ್ ಲೇಖನಗಳೇ ಜಾಸ್ತಿಯಾ? ಸರ್ಕಾರಿ ಜಾಲತಾಣಗಳಾ? ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಾ? ಪತ್ರಿಕೆ ಸುದ್ದಿಯಾ, ವಿಡಿಯೋಗಳಾ? ಜಾಲಪುಟಕ್ಕೆ ಪುಟ ಸಂಖ್ಯೆ ಇರುವುದಿಲ್ಲ. ಎಷ್ಟೋ ಕಡೆ ಬರೆದವರ ಹೆಸರಾಗಲಿ ದಿನಾಂಕವಾಗಲಿ ಇರುವುದಿಲ್ಲ. ಇಂಥ ಕೊರತೆಯನ್ನು ಒಂದೊಂದು ಪದ್ಧತಿ ಒಂದೊಂದು ರೀತಿ ನಿಭಾಯಿಸುತ್ತದೆ.

ಮೂರನೆಯದು, ಟೈಪ್ ಮಾಡುವವರು ಯಾರು, ಯಾವುದರಲ್ಲಿ ಎಂಬುದು. ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ, ಆದರೆ ನಮ್ಮ ಕಡೆ ಇದು ದೊಡ್ಡ ವಿಷಯ. ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್‌ನಲ್ಲಿ ಟೈಪ್ ಮಾಡಿಸುವವರಿಗೆ ಸರಿಹೊಂದುವುದು ಒಂದು, ಸ್ವಂತ ಲ್ಯಾಪ್‌ಟಾಪಿನಲ್ಲಿ ಯುನಿಕೋಡ್‌ನಲ್ಲಿ ಬರೆಯುವವರಿಗೆ ಹೊಂದುವುದು ಇನ್ನೊಂದು.

ಕನ್ನಡದ ಹೆಸರುಗಳ ತೊಡಕು ನಾಲ್ಕನೆಯದು. ದುಡ್ಡಿನ ಲೆಕ್ಕ ಕೊನೆಯದು, ಅದು ತೀರಾ ಸಣ್ಣದು. ಬೇಕಾದ್ದೆಲ್ಲ ಬಿಟ್ಟಿ ಸಿಗುತ್ತದೆ.

ಪದ್ಧತಿ ಯಾವುದೇ ಆಗಲಿ, ಓದುವಾಗಲೇ ಬರೆದಿಟ್ಟುಕೊಳ್ಳಬೇಕಾದ್ದು ಬದಲಾಗುವುದಿಲ್ಲ. ಯಾರು ಬರೆದದ್ದು, ಯಾವಾಗ, ಪುಟದ ಶೀರ್ಷಿಕೆ ಏನು, ಯಾವ ಜಾಲತಾಣ, ಪೂರ್ತಿ ವಿಳಾಸ, ಮತ್ತು ನೀವು ನೋಡಿದ ದಿನ. ಇಷ್ಟು ಕೈಯಲ್ಲಿದ್ದರೆ ಯಾವ ಪದ್ಧತಿಗೆ ಬೇಕಾದರೂ ಹೊಂದಿಸಬಹುದು. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಅಮೆರಿಕದವರು ತಿಂಗಳನ್ನು ಮುಂದಿಡುತ್ತಾರೆ, ನಾವು ದಿನವನ್ನು. 3/5 ಎಂದರೆ ಮೇ 3 ಅಥವಾ ಮಾರ್ಚ್ 5, ಯಾವುದು ಎಂದು ಆಮೇಲೆ ನಿಮಗೇ ಗೊತ್ತಾಗುವುದಿಲ್ಲ.

ಎಪಿಎ: ಹೆಸರು ಮತ್ತು ವರ್ಷ

ಇದು ಅಮೆರಿಕದ ಮನಶ್ಶಾಸ್ತ್ರ ಸಂಘದ ಪದ್ಧತಿ. ಈಗ ನಡೆಯುತ್ತಿರುವುದು 7ನೇ ಆವೃತ್ತಿ, 2019ರ ಕೊನೆಗೆ ಬಂದದ್ದು. ಸಮಾಜಶಾಸ್ತ್ರ, ಶಿಕ್ಷಣ, ಮನಶ್ಶಾಸ್ತ್ರ, ಗ್ರಂಥಾಲಯ ವಿಜ್ಞಾನ ಇಂಥ ಕಡೆ ಇದೇ ಜಾಸ್ತಿ. ವಾಕ್ಯದ ಕೊನೆಗೆ ಆವರಣದಲ್ಲಿ ಹೆಸರು ಮತ್ತು ವರ್ಷ ಬರುತ್ತದೆ. ಪೂರ್ತಿ ವಿವರ ಕೊನೆಯ ಪಟ್ಟಿಯಲ್ಲಿ.

ಒಂದು ಉದಾಹರಣೆ ಹಿಡಿದು ನೋಡೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನಿಮಗೆ ಗೊತ್ತಿರಬಹುದು. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ 10ನೇ ಶತಮಾನದ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದರ ಪಾಠ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟದಲ್ಲಿದೆ, 1894ರದ್ದು. ಅದರ ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಗ್ರಂಥಭಂಡಾರದಲ್ಲಿ ಸಿಗುತ್ತದೆ. ಎಪಿಎ ಪ್ರಕಾರ ವಾಕ್ಯದೊಳಗೆ (ರೈಸ್, 1894) ಎಂದರೆ ಸಾಕು. ಪಟ್ಟಿಯಲ್ಲಿ "ರೈಸ್, ಬಿ.ಎಲ್. (1894). ಎಪಿಗ್ರಾಫಿಯಾ ಕರ್ನಾಟಿಕಾ (ಸಂಪುಟ 3). ಇಂಟರ್‌ನೆಟ್ ಆರ್ಕೈವ್." ಎಂದು ಬರೆದು ಮುಂದೆ ಪೂರ್ತಿ ವಿಳಾಸ ಹಾಕಬೇಕು.

ಆನ್‌ಲೈನ್ ಆಕರಗಳಿಗೆ ಎಪಿಎಯ ನಿಯಮ ಬಹಳ ಸ್ಪಷ್ಟ. ದಿನಾಂಕ ಇಲ್ಲದಿದ್ದರೆ ಆ ಜಾಗದಲ್ಲಿ "ದಿನಾಂಕವಿಲ್ಲ" ಎಂದು ಬರೆಯಬೇಕು. ಬರೆದವರ ಹೆಸರಿಲ್ಲದಿದ್ದರೆ ಸಂಸ್ಥೆಯ ಹೆಸರು, ಅದೂ ಇಲ್ಲದಿದ್ದರೆ ಶೀರ್ಷಿಕೆ ಮುಂದೆ ಬರುತ್ತದೆ. ಪುಟ ಸಂಖ್ಯೆ ಇಲ್ಲದ ಕಡೆಯಿಂದ ಮಾತನ್ನು ಹಾಗೇ ಎತ್ತಿದರೆ ಎಷ್ಟನೇ ಪ್ಯಾರಾ ಎಂದು ಹೇಳಬೇಕು. ನೋಡಿದ ದಿನವನ್ನು ಎಲ್ಲಕ್ಕೂ ಬರೆಯಬೇಕಾಗಿಲ್ಲ, ಬದಲಾಗುತ್ತಲೇ ಇರುವ ಪುಟಕ್ಕೆ ಮಾತ್ರ ಬೇಕು. ಕೆಆರ್‌ಎಸ್ ನೀರಿನ ಮಟ್ಟ ತೋರಿಸುವ ಪುಟ ಇದಕ್ಕೆ ಒಳ್ಳೆ ಉದಾಹರಣೆ. ಅಣೆಕಟ್ಟಿನ ಗರಿಷ್ಠ ಮಟ್ಟ 124.80 ಅಡಿ ಎಂಬುದು ಬದಲಾಗುವುದಿಲ್ಲ. ಆದರೆ ಇವತ್ತು ಎಷ್ಟಿದೆ ಎಂಬುದು ನಾಳೆ ಆ ಪುಟದಲ್ಲಿ ಇರುವುದಿಲ್ಲ. ಅಂಥ ಕಡೆ ನೋಡಿದ ದಿನವಿಲ್ಲದ ಉಲ್ಲೇಖಕ್ಕೆ ಬೆಲೆಯೇ ಇಲ್ಲ.

ಎಪಿಎಯ ದೊಡ್ಡ ಲಾಭವೆಂದರೆ ಪ್ಯಾರಾಗಳನ್ನು ಹಿಂದೆ ಮುಂದೆ ಮಾಡಿದರೂ ಉಲ್ಲೇಖ ಕೆಡುವುದಿಲ್ಲ. ಹೆಸರು, ವರ್ಷ ವಾಕ್ಯದ ಜೊತೆಗೇ ಓಡಾಡುತ್ತವೆ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುವವರಿಗೆ ಇದು ತುಂಬಾ ಅನುಕೂಲ.

ಕಷ್ಟ ಬರುವುದು ಹೆಸರುಗಳಲ್ಲಿ. ಎಪಿಎಗೆ ಮನೆತನದ ಹೆಸರು ಮುಂದೆ ಬೇಕು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಇನಿಷಿಯಲ್ ಇದ್ದರೂ ಅದು ಊರಿನದ್ದೋ ಅಪ್ಪನದ್ದೋ ಆಗಿರುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳ "ಆರ್" ಎಂದರೆ ರುದ್ರಪಟ್ಟಣ, ಅವರ ಊರು. ಅವರನ್ನು "ಶಾಮಶಾಸ್ತ್ರಿ, ಆರ್." ಎಂದು ಬರೆದರೆ ತೊಂದರೆಯಿಲ್ಲ. ಇನಿಷಿಯಲ್ ಹೆಸರಿನ ಹಿಂದೆ ಬರುವವರ ವಿಷಯದಲ್ಲಿ ಎಷ್ಟೋ ಸಲ ಇನಿಷಿಯಲ್ಲೇ ಮನೆತನದ ಹೆಸರಾಗಿ ಕೂತುಬಿಡುತ್ತದೆ, ಅದು ತಪ್ಪು. ನನ್ನ ಸಲಹೆ ಹೀಗೆ: ಜನ ಅವರನ್ನು ಯಾವ ಹೆಸರಿನಿಂದ ಕರೆಯುತ್ತಾರೋ ಅದು ಮುಂದೆ ಬರಲಿ, ಇನಿಷಿಯಲ್ ಹಿಂದೆ ಹೋಗಲಿ. ಕುವೆಂಪು ಅಂಥ ಕಾವ್ಯನಾಮವನ್ನು ಒಡೆಯದೆ ಹಾಗೇ ಇಡಿ.

ಇನ್ನೊಂದು ತೊಡಕು ಕನ್ನಡ ಥೀಸಿಸ್ ಬರೆಯುವವರಿಗೇ ಇರುವಂಥದ್ದು. ವಾಕ್ಯದೊಳಗೆ ಕನ್ನಡ ಲಿಪಿಯಲ್ಲಿ "ರೈಸ್" ಎಂದಿರುತ್ತದೆ. ಕೊನೆಗೆ ಕನ್ನಡ ಪುಸ್ತಕಗಳ ಪಟ್ಟಿ ಬೇರೆ, ಇಂಗ್ಲಿಷ್ ಪುಸ್ತಕಗಳ ಪಟ್ಟಿ ಬೇರೆ ಇರುತ್ತದೆ. ಓದುವವರು ಯಾವುದರಲ್ಲಿ ಹುಡುಕಬೇಕು? ಒಂದೇ ಪಟ್ಟಿ ಮಾಡಿ, ಎಲ್ಲ ಹೆಸರನ್ನೂ ಕನ್ನಡ ಅಕ್ಷರ ಕ್ರಮದಲ್ಲಿ ಜೋಡಿಸಿ, ಇಂಗ್ಲಿಷ್ ಕೃತಿಯ ಮೂಲ ವಿವರವನ್ನು ಅಲ್ಲೇ ಪಕ್ಕದಲ್ಲಿ ಕೊಡುವುದು ಓದುಗರಿಗೆ ಸುಲಭ. ಗೈಡ್ ಒಪ್ಪಬೇಕು, ಅಷ್ಟೇ.

ಎಂಎಲ್‌ಎ: ಸಾಹಿತ್ಯದವರಿಗೆ, ಸಣ್ಣ ಪೇಪರಿಗೆ

ಇದು ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಎಂಬ ಸಂಘದ ಪದ್ಧತಿ, ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಪರಿಚಿತ. 9ನೇ ಆವೃತ್ತಿ 2021ರಲ್ಲಿ ಬಂತು. ವಾಕ್ಯದೊಳಗೆ ಹೆಸರು ಮತ್ತು ಪುಟ ಸಂಖ್ಯೆ ಬರುತ್ತವೆ, ವರ್ಷ ಬರುವುದಿಲ್ಲ. ಸಾಹಿತ್ಯದಲ್ಲಿ ಯಾವ ಸಾಲು ಎಲ್ಲಿದೆ ಎಂಬುದೇ ಮುಖ್ಯವಾದ್ದರಿಂದ ಅದು ಸರಿಯೇ.

ಆನ್‌ಲೈನ್ ಆಕರಕ್ಕೆ ಬಂದಾಗ ಪುಟ ಸಂಖ್ಯೆ ಇಲ್ಲದ್ದರಿಂದ ಆವರಣದಲ್ಲಿ ಬರೀ ಹೆಸರು ಉಳಿಯುತ್ತದೆ. ಒಬ್ಬರೇ ಬರೆದ ನಾಲ್ಕು ಬ್ಲಾಗ್ ಬರಹ ಬಳಸಿದರೆ ಯಾವುದು ಎಂದು ತಿಳಿಸಲು ಶೀರ್ಷಿಕೆಯ ತುಣುಕನ್ನೂ ಸೇರಿಸಬೇಕು. ಆಗ ವಾಕ್ಯ ಸ್ವಲ್ಪ ಭಾರವಾಗುತ್ತದೆ.

ಆದರೆ ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. 2016ರ 8ನೇ ಆವೃತ್ತಿಯಿಂದ ಎಂಎಲ್‌ಎ ಪ್ರತಿ ಆಕರಕ್ಕೂ ಬೇರೆ ಬೇರೆ ನಿಯಮ ಕೊಡುವುದನ್ನು ಕಡಿಮೆ ಮಾಡಿತು. ಬರಹ ಯಾವುದು, ಅದು ಯಾವುದರ ಒಳಗಿದೆ, ಆ ಒಳಗಿರುವುದು ಮತ್ತೆ ಯಾವುದರ ಒಳಗಿದೆ ಎಂದು ಹೊರಕ್ಕೆ ಹೋಗುತ್ತಾ ಬರೆಯುತ್ತೀರಿ. ಪದ್ಯ ಪುಸ್ತಕದೊಳಗೆ, ಪುಸ್ತಕ ಜಾಲತಾಣದೊಳಗೆ. ಇದೊಂದು ತಲೆಗೆ ಹೋದರೆ ಪಾಡ್‌ಕಾಸ್ಟ್ ಬರಲಿ, ಇನ್ನೂ ಹುಟ್ಟದ ಯಾವುದೋ ಮಾಧ್ಯಮ ಬರಲಿ, ಕೈಪಿಡಿ ತೆರೆಯದೆ ಬರೆಯಬಹುದು. ನೋಡಿದ ದಿನ ಬರೆಯುವುದು ನಿಮ್ಮ ಇಷ್ಟ. ಪುಟದಲ್ಲಿ ದಿನಾಂಕವಿಲ್ಲದಿದ್ದರೆ ಬರೆಯುವುದೇ ಒಳ್ಳೆಯದು.

ಅಡಿಟಿಪ್ಪಣಿ: ಇತಿಹಾಸ, ಶಾಸನ, ಹಳೆಗನ್ನಡದವರಿಗೆ

ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯದ ಕೈಪಿಡಿ ಮೊದಲು ಬಂದದ್ದು 1906ರಲ್ಲಿ. ಈಗಿನದು 18ನೇ ಆವೃತ್ತಿ, 2024ರದ್ದು. ಅದರಲ್ಲಿ ಎರಡು ದಾರಿಗಳಿವೆ. ಹೆಸರು–ವರ್ಷದ ದಾರಿ ಎಪಿಎಗೆ ಹತ್ತಿರ. ಇನ್ನೊಂದು ಅಡಿಟಿಪ್ಪಣಿಯ ದಾರಿ. ಕನ್ನಡದ ಸಂಶೋಧನೆಯಲ್ಲಿ ಮೊದಲಿನಿಂದಲೂ ನಾವು ಕಾಣುವುದು ಈ ಎರಡನೆಯದನ್ನೇ.

ಕನ್ನಡ ಅಧ್ಯಯನ, ಇತಿಹಾಸ, ಪುರಾತತ್ವದವರಿಗೆ ನಾನು ಹೇಳುವುದು ಇದನ್ನೇ. ಏಕೆಂದರೆ ಅಡಿಟಿಪ್ಪಣಿಯಲ್ಲಿ ವಿವರಣೆಗೂ ಜಾಗವಿದೆ. ಆತಕೂರು ಶಾಸನವನ್ನೇ ನೋಡಿ. ರೈಸ್ ಅವರ ಹಳೆಯ ಮುದ್ರಣದಲ್ಲಿ ಅದು 3ನೇ ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಮುದ್ರಣದಲ್ಲಿ ಮದ್ದೂರು ತಾಲ್ಲೂಕು ಬರುವುದು 7ನೇ ಸಂಪುಟದಲ್ಲಿ. ಎರಡಕ್ಕೂ ಎಪಿಗ್ರಾಫಿಯಾ ಕರ್ನಾಟಿಕಾ ಎಂದೇ ಹೆಸರು. ಆನ್‌ಲೈನಿನಲ್ಲಿ ನೀವು ಓದಿದ್ದು ಹಳೆಯದು, ನಿಮ್ಮ ಪರೀಕ್ಷಕರ ಕಪಾಟಿನಲ್ಲಿರುವುದು ಹೊಸದು ಎಂದುಕೊಳ್ಳಿ. ಬರೀ "ಎ.ಕ. 3" ಎಂದು ಬರೆದರೆ ಅವರು ಪರಿಷ್ಕೃತ 3ನೇ ಸಂಪುಟ ತೆಗೆದು ಹುಡುಕುತ್ತಾರೆ, ಅಲ್ಲಿ ಸಿಗುವುದಿಲ್ಲ. ಅಡಿಟಿಪ್ಪಣಿಯಲ್ಲಾದರೆ "ಬಿ.ಎಲ್. ರೈಸ್, ಎಪಿಗ್ರಾಫಿಯಾ ಕರ್ನಾಟಿಕಾ, ಸಂ. 3 (1894), ಇಂಟರ್‌ನೆಟ್ ಆರ್ಕೈವ್ ಪ್ರತಿ. ಪರಿಷ್ಕೃತ ಮುದ್ರಣಕ್ಕೆ ಸಂ. 7 ನೋಡಿ" ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. (ರೈಸ್, 1894) ಎಂಬುದಕ್ಕೆ ಇಷ್ಟು ಹೇಳುವ ಶಕ್ತಿ ಇಲ್ಲ. ಹೆಸರನ್ನು ತಿರುಗಿಸುವ ಗೋಜೂ ಇಲ್ಲ. ಟಿಪ್ಪಣಿಯಲ್ಲಿ ಹೆಸರು ಕರೆಯುವ ಕ್ರಮದಲ್ಲೇ ಬರುತ್ತದೆ, ಬಿ.ಎಲ್. ರೈಸ್ ಎಂದೇ.

ಸ್ಕ್ಯಾನ್ ಪ್ರತಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಪಿಡಿಎಫ್ ತೋರಿಸುವ ಪುಟ ಸಂಖ್ಯೆ ಬೇರೆ, ಪುಸ್ತಕದಲ್ಲಿ ಅಚ್ಚಾದ ಪುಟ ಸಂಖ್ಯೆ ಬೇರೆ. ಮುನ್ನುಡಿ, ಚಿತ್ರಪಟ, ಖಾಲಿ ಹಾಳೆ ಎಲ್ಲ ಸೇರಿ ಇಪ್ಪತ್ತು ಮೂವತ್ತು ಪುಟ ವ್ಯತ್ಯಾಸ ಬರಬಹುದು. ಅಚ್ಚಾದ ಸಂಖ್ಯೆಯನ್ನೇ ಕೊಡಿ.

ಈಗ ಇದರ ಕಷ್ಟ. ನಮ್ಮಲ್ಲಿ ಮೊದಲ ಸಲ ಪೂರ್ತಿ ವಿವರ ಕೊಟ್ಟು ಮುಂದಿನ ಸಲ "ಅದೇ, ಪು. 45" ಎಂದು ಹಾಕುವ ರೂಢಿ ಇದೆ. ಕೈಯಲ್ಲಿ ಬರೆದು ಒಂದೇ ಸಲ ಅಚ್ಚಿಗೆ ಕೊಡುವ ಕಾಲಕ್ಕೆ ಅದು ಸರಿಯಾಗಿತ್ತು. ಈಗ ಕಟ್ ಮಾಡಿ ಪೇಸ್ಟ್ ಮಾಡುತ್ತೇವೆ. ನಡುವೆ ಹೊಸದೊಂದು ಟಿಪ್ಪಣಿ ಬಂದರೆ ಹಳೆಯ "ಅದೇ" ಬೇರೆ ಪುಸ್ತಕವನ್ನು ತೋರಿಸುತ್ತದೆ. ಶಿಕಾಗೊದವರೂ ಈಗ "ಅದೇ" ಎನ್ನುವುದಕ್ಕಿಂತ ಹೆಸರು ಮತ್ತು ಚಿಕ್ಕ ಶೀರ್ಷಿಕೆಯೇ ಒಳ್ಳೆಯದು ಎನ್ನುತ್ತಾರೆ. "ರೈಸ್, ಎ.ಕ. 3" ಎಂದು ಬರೆದರೆ ಟಿಪ್ಪಣಿ ಎಲ್ಲಿಗೆ ಹೋದರೂ ಅರ್ಥ ಕೆಡುವುದಿಲ್ಲ.

ಎರಡನೆಯ ಕಷ್ಟ ಪೇಜ್‌ಮೇಕರ್. ಅದರಲ್ಲಿ ಅಡಿಟಿಪ್ಪಣಿ ತಾನಾಗೇ ಹಾಕುವ ಸೌಲಭ್ಯ ಇಲ್ಲ. ಟೈಪ್ ಮಾಡುವವರು ಪ್ರತಿ ಪುಟದ ಕೆಳಗೂ ಕೈಯಿಂದ ಕೂರಿಸಬೇಕು. ಗೈಡ್ ಒಂದು ಪ್ಯಾರಾ ಸೇರಿಸಿ ಎಂದರೆ ಅಧ್ಯಾಯ ಪೂರ್ತಿ ಜರುಗುತ್ತದೆ. ಅವರು ಜಾಸ್ತಿ ದುಡ್ಡು ಕೇಳಿದರೆ ಅದು ನ್ಯಾಯವೇ. ಹೀಗಾಗಿ ಡಿಟಿಪಿಯಲ್ಲಿ ಮಾಡಿಸುವವರು ಟಿಪ್ಪಣಿಗಳನ್ನು ಅಧ್ಯಾಯದ ಕೊನೆಗೆ ಹಾಕಿಸಿ. ಇಲ್ಲವೇ ವರ್ಡ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ಯುನಿಕೋಡ್‌ನಲ್ಲಿ ನೀವೇ ಟೈಪ್ ಮಾಡಿ. ಅಲ್ಲಿ ಟಿಪ್ಪಣಿಗಳ ಸಂಖ್ಯೆ ತಾನಾಗೇ ಸರಿಹೋಗುತ್ತದೆ.

ಐಇಇಇ: ಎಂಜಿನಿಯರಿಂಗ್‌ನವರಿಗೆ

ಇದು ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಸ್ಥೆಯ ಪದ್ಧತಿ. ಇಲ್ಲಿ ಹೆಚ್ಚು ಯೋಚಿಸುವಂಥದ್ದಿಲ್ಲ. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್‌ನವರಿಗೆ ಇದೇ ರೂಢಿ. ಚೌಕ ಆವರಣದಲ್ಲಿ [1], [2] ಎಂದು ಬಂದ ಕ್ರಮದಲ್ಲೇ ಸಂಖ್ಯೆ. ಒಮ್ಮೆ ಕೊಟ್ಟ ಸಂಖ್ಯೆ ಆ ಆಕರಕ್ಕೆ ಕೊನೆಯವರೆಗೂ ಅದೇ. ಜಾಗ ತೀರಾ ಕಡಿಮೆ ಹಿಡಿಯುತ್ತದೆ. ಜಾಲಪುಟಕ್ಕೆ ವಿಳಾಸದ ಜೊತೆ ನೋಡಿದ ದಿನವನ್ನೂ ಕೊಡುತ್ತಾರೆ. ಕೈಯಿಂದ ಸಂಖ್ಯೆ ಹಾಕಬೇಡಿ. ನಡುವೆ ಒಂದು ಸೇರಿದರೆ ಅಲ್ಲಿಂದ ಮುಂದೆ ಎಲ್ಲವೂ ಬದಲಾಗುತ್ತವೆ. ಲೇಟೆಕ್ ಎಂಬ ಟೈಪ್‌ಸೆಟ್ಟಿಂಗ್ ತಂತ್ರಾಂಶ ಗೊತ್ತಿದ್ದವರು ಅದರಲ್ಲೇ ಮಾಡಿ, ಇಲ್ಲದವರು ಮುಂದೆ ಹೇಳುವ ಜೋಟೆರೊ ಬಳಸಿ.

ವೈದ್ಯಕೀಯದವರ ವ್ಯಾಂಕೂವರ್ ಪದ್ಧತಿಯೂ ಇದೇ ಸಂಖ್ಯೆಯ ಜಾತಿ. ಇನ್ನು ಹಾರ್ವರ್ಡ್ ಎಂಬ ಹೆಸರು ಕೇಳಿರುತ್ತೀರಿ. ಅದಕ್ಕೆ ಒಂದೇ ಒಂದು ಅಧಿಕೃತ ಕೈಪಿಡಿ ಎಂಬುದಿಲ್ಲ. ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ರೂಪ. ಯಾರಾದರೂ ಹಾರ್ವರ್ಡ್ ಹಾಕಿ ಎಂದರೆ ಮಾದರಿ ಪುಟ ಕೇಳಿ ಪಡೆಯಿರಿ.

ಪಟ್ಟಿ ಮಾಡಲು ಯಾವ ಉಪಕರಣ

ಇಪ್ಪತ್ತು ಆಕರಗಳವರೆಗೆ ಕೈಯಿಂದ ಬರೆಯುವುದೇ ಒಳ್ಳೆಯದು. ಪದ್ಧತಿ ಅರ್ಥವಾಗುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಉಪಕರಣ ಬೇಕು.

ನನ್ನ ಮೊದಲ ಆಯ್ಕೆ ಜೋಟೆರೊ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದು ಶುರು ಮಾಡಿದ್ದು. ಉಚಿತ, ಮುಕ್ತ ತಂತ್ರಾಂಶ. ಬ್ರೌಸರಿನಲ್ಲಿ ಒಂದು ಗುಂಡಿ ಒತ್ತಿದರೆ ಪುಟದ ವಿವರ ಒಳಗೆ ಬರುತ್ತದೆ. ವರ್ಡ್, ಲಿಬ್ರೆ ಆಫೀಸ್, ಗೂಗಲ್ ಡಾಕ್ಸ್ ಮೂರರಲ್ಲೂ ಕೆಲಸ ಮಾಡುತ್ತದೆ. ಪದ್ಧತಿ ಬದಲಿಸಬೇಕಾದರೆ ಒಂದು ಕ್ಲಿಕ್ ಸಾಕು. ಪಿಡಿಎಫ್‌ಗಳನ್ನು ಅವರ ಸರ್ವರಿನಲ್ಲಿ ಇಡಲು 300 ಎಂಬಿ ಉಚಿತ. ಸ್ಕ್ಯಾನ್ ಪುಸ್ತಕಗಳಿಗೆ ಅದು ಏನೂ ಸಾಲದು. ಫೈಲುಗಳನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡು, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಡಿ. ಎಲ್ಸೆವಿಯರ್ ಕಂಪನಿಯ ಮೆಂಡೆಲಿ 2 ಜಿಬಿ ಉಚಿತವಾಗಿ ಕೊಡುತ್ತದೆ. ಜರ್ನಲ್ ಪಿಡಿಎಫ್‌ಗಳನ್ನೇ ಓದುವ ವಿಜ್ಞಾನದವರಿಗೆ ಅದು ಹೊಂದಬಹುದು. ಎಂಡ್‌ನೋಟ್‌ಗೆ ದುಡ್ಡು ಕೊಡಬೇಕು. ಸಂಸ್ಥೆ ಕೊಡಿಸಿದರೆ ಬಳಸಿ, ಕೈಯಿಂದ ಹಾಕಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಲ್ಯಾಪ್‌ಟಾಪ್ ಇಲ್ಲದವರು, ಕಾಲೇಜಿನ ಲ್ಯಾಬಿನಲ್ಲೋ ಫೋನಿನಲ್ಲೋ ಕೆಲಸ ಮಾಡುವವರು ಜೋಟೆರೊಬಿಬ್ ನೋಡಿ. ಬ್ರೌಸರಿನಲ್ಲೇ ನಡೆಯುತ್ತದೆ. ಖಾತೆ ತೆರೆಯಬೇಕಾಗಿಲ್ಲ, ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ವರ್ಡಿನ ಒಳಗೇ ಇರುವ ಉಲ್ಲೇಖ ಸೌಲಭ್ಯವೂ ಪರವಾಗಿಲ್ಲ. ಆದರೆ ಅದರ ಹಲವು ಆವೃತ್ತಿಗಳಲ್ಲಿ ಇನ್ನೂ ಎಪಿಎಯ 6ನೇ ಆವೃತ್ತಿಯೇ ಇದೆ.

ಕನ್ನಡದವರು ಎರಡು ವಿಷಯ ನೆನಪಿಡಿ. ಈ ಉಪಕರಣಗಳು ಹೆಸರನ್ನು ಎರಡು ಭಾಗ ಮಾಡಿ ತಿರುಗಿಸುತ್ತವೆ. ಜೋಟೆರೊದಲ್ಲಿ ಹೆಸರನ್ನು ಒಂದೇ ಖಾನೆಯಲ್ಲಿ ಇಡುವ ಆಯ್ಕೆ ಇದೆ, ಅದನ್ನು ಬಳಸಿ. ಇನ್ನೊಂದು, ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ್ದು ಇವುಗಳಿಗೆ ಕನ್ನಡವಾಗಿ ಕಾಣುವುದೇ ಇಲ್ಲ. ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಹಾಗೆಯೇ ಕನ್ನಡ ಪಟ್ಟಿಯ ನಡುವೆ "ಮತ್ತು", "ಸಂಪಾದಕರು" ಇರಬೇಕಾದ ಕಡೆ ಇಂಗ್ಲಿಷ್ ಪದ ಬಂದು ಕೂತಿರುತ್ತದೆ. ಕೊನೆಗೊಮ್ಮೆ ಕೂತು ತಿದ್ದಬೇಕು.

ಲಿಂಕ್ ಸತ್ತರೆ?

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ಹೊತ್ತಿಗೆ ಇರಲಿಲ್ಲ. ಪಿಎಚ್.ಡಿ.ಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ಮೊದಲ ವರ್ಷ ನೋಡಿದ ಪುಟ ವೈವಾ ದಿನ ತೆರೆಯದೇ ಇರಬಹುದು. ಪದ್ಧತಿಯ ಆಯ್ಕೆಗಿಂತ ಇದು ದೊಡ್ಡ ಚಿಂತೆ ಎಂದೇ ನಾನು ಹೇಳುತ್ತೇನೆ.

ಜರ್ನಲ್ ಲೇಖನಕ್ಕೆ ಡಿಒಐ ಇದ್ದರೆ ಅದನ್ನೇ ಕೊಡಿ. ಆ ಲೇಖನಕ್ಕೆಂದೇ ಕೊಟ್ಟ, 10 ಎಂದು ಶುರುವಾಗುವ ಗುರುತು ಅದು. ಜಾಲತಾಣ ವಿಳಾಸ ಬದಲಿಸಿದಾಗ ಪ್ರಕಾಶಕರು ಡಿಒಐಯ ಹಿಂದಿನ ವಿಳಾಸ ಸರಿಪಡಿಸಿದರೆ ನೀವು ಕೊಟ್ಟ ಗುರುತು ಹಾಗೇ ನಡೆಯುತ್ತದೆ. ಉಳಿದ ಪುಟಗಳಿಗೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್ ಇದೆ. ಪುಟದ ವಿಳಾಸ ಕೊಟ್ಟು ಉಳಿಸಲು ಹೇಳಿದರೆ ಆ ದಿನದ ಪ್ರತಿ ತೆಗೆದಿಟ್ಟು ಹೊಸ ವಿಳಾಸ ಕೊಡುತ್ತದೆ. ಉಚಿತ, ಒಂದು ನಿಮಿಷದ ಕೆಲಸ. ಸರ್ಕಾರಿ ಇಲಾಖೆಯ ಪುಟ, ಪತ್ರಿಕೆಯ ಸುದ್ದಿ, ಯಾರದೋ ಬ್ಲಾಗ್ ಬಳಸಿದಾಗ ಇದನ್ನು ಮಾಡಲೇಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟುಗಳು ಹೀಗೆ ಸರಿಯಾಗಿ ಉಳಿಯುವುದಿಲ್ಲ. ಅವುಗಳ ಸ್ಕ್ರೀನ್‌ಶಾಟ್ ತೆಗೆದು ದಿನಾಂಕದ ಸಮೇತ ಇಟ್ಟುಕೊಳ್ಳಿ.

ತಕರಾರು ಬರುವ ಆಕರಗಳು

ವಿಕಿಪೀಡಿಯಾದಿಂದ ಶುರು ಮಾಡಬಹುದು, ಅಲ್ಲೇ ನಿಲ್ಲಬಾರದು. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಈ ಅಂಕಿ ವಿಕಿಪೀಡಿಯಾದಲ್ಲೂ ಸಿಗುತ್ತದೆ. ಆದರೆ ಎಣಿಸಿದವರು ಜನಗಣತಿ ಇಲಾಖೆಯವರು. ಅಲ್ಲಿಗೇ ಹೋಗಿ ನೋಡಿ, ಅದನ್ನೇ ಉಲ್ಲೇಖಿಸಿ. ವಿಕಿಪೀಡಿಯಾದ ಲೇಖನವೇ ನಿಮ್ಮ ಅಧ್ಯಯನದ ವಸ್ತುವಾಗಿದ್ದರೆ ಅದರ ಇತಿಹಾಸ ಪುಟದಿಂದ ಆ ದಿನದ ಆವೃತ್ತಿಯ ಲಿಂಕ್ ಕೊಡಿ. ಯಾರಾದರೂ ಆಮೇಲೆ ತಿದ್ದಿದರೂ ನೀವು ನೋಡಿದ್ದು ಹಾಗೇ ಉಳಿದಿರುತ್ತದೆ.

ಪತ್ರಿಕೆಯ ಸುದ್ದಿಯನ್ನು ಅಚ್ಚಿನಲ್ಲಿ ಓದಿದ್ದರೆ ಅಚ್ಚಿನ ವಿವರ, ಜಾಲತಾಣದಲ್ಲಿ ಓದಿದ್ದರೆ ಅದರ ವಿವರ. ಎರಡರಲ್ಲಿ ಶೀರ್ಷಿಕೆಯೇ ಬೇರೆ ಇರುತ್ತದೆ. ಆಂದೋಲನವೋ ಮೈಸೂರು ಮಿತ್ರವೋ ಯಾವುದೇ ಆಗಲಿ, ನೀವು ಓದಿದ ರೂಪವನ್ನೇ ಹೇಳಿ.

ಯೂಟ್ಯೂಬ್ ವಿಡಿಯೋಗೆ ಎಪಿಎ ಅಪ್‌ಲೋಡ್ ಮಾಡಿದ ಚಾನೆಲ್ಲಿನ ಹೆಸರನ್ನು ಮುಂದಿಡುತ್ತದೆ. ಮಾತನಾಡಿದವರ ಹೆಸರನ್ನು ನಿಮ್ಮ ವಾಕ್ಯದಲ್ಲೇ ಹೇಳಿ. ಎಷ್ಟನೇ ನಿಮಿಷದಲ್ಲಿ ಆ ಮಾತು ಬರುತ್ತದೆ ಎಂಬುದನ್ನೂ ಕೊಡಿ. ಒಂದೂವರೆ ಗಂಟೆ ಭಾಷಣ ಪೂರ್ತಿ ಕೇಳಿ ಹುಡುಕಿಕೊಳ್ಳಲಿ ಎನ್ನುವುದು ಓದುಗರಿಗೆ ಮಾಡುವ ಅನ್ಯಾಯ.

ವಾಟ್ಸಾಪ್ ಫಾರ್ವರ್ಡ್ ಆಕರವೇ ಅಲ್ಲ. ಮೂಲ ಸಿಕ್ಕರೆ ಮೂಲವನ್ನು ಬಳಸಿ, ಸಿಗದಿದ್ದರೆ ಬಿಡಿ. ಯಾರಾದರೂ ಹಿರಿಯರು ನಿಮಗೇ ಬರೆದು ತಿಳಿಸಿದ ಮಾತಾದರೆ ಬೇರೆ. ಎಪಿಎ ಪ್ರಕಾರ ಅದನ್ನು ವೈಯಕ್ತಿಕ ಸಂವಹನ ಎಂದು ದಿನಾಂಕದ ಸಮೇತ ವಾಕ್ಯದೊಳಗೆ ಹೇಳಬೇಕು. ಪಟ್ಟಿಯಲ್ಲಿ ಸೇರಿಸುವಂತಿಲ್ಲ, ಏಕೆಂದರೆ ಓದುಗರು ಅಲ್ಲಿಗೆ ಹೋಗಿ ನೋಡಲು ಆಗುವುದಿಲ್ಲ.

ಚಾಟ್‌ಜಿಪಿಟಿ ಥರದ್ದನ್ನು ಬಳಸಿದರೆ ಎಪಿಎ ಅದನ್ನು ತಯಾರಿಸಿದ ಕಂಪನಿಯನ್ನು ಲೇಖಕರ ಜಾಗದಲ್ಲಿ ಇಡುತ್ತದೆ. ಎಂಎಲ್‌ಎ ಅದನ್ನು ಲೇಖಕ ಎಂದು ಒಪ್ಪುವುದಿಲ್ಲ, ನೀವು ಕೇಳಿದ ಪ್ರಶ್ನೆಯನ್ನು ಮುಂದಿಡುತ್ತದೆ. ಅದಕ್ಕಿಂತ ಮುಖ್ಯವಾದ್ದು, ಅದು ಕೊಡುವ ಪುಸ್ತಕದ ಹೆಸರು, ಪುಟ ಸಂಖ್ಯೆ ಎಷ್ಟೋ ಸಲ ಇರುವುದೇ ಇಲ್ಲ. ನೀವು ತೆರೆದು ನೋಡದ ಯಾವ ಆಕರವೂ ನಿಮ್ಮ ಪಟ್ಟಿಗೆ ಬರಬಾರದು.

ಹಾಗಾದರೆ ಯಾರಿಗೆ ಯಾವುದು

ಪಿಎಚ್.ಡಿ. ಬರೆಯುವವರಿಗೆ ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮ ಗೊತ್ತಿರಬೇಕು. ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಉಲ್ಲೇಖ ಕೊಟ್ಟು ಎತ್ತಿದ ಮಾತು, ಆಕರಗಳ ಪಟ್ಟಿ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಉದ್ಧರಣ ಚಿಹ್ನೆ, ಉಲ್ಲೇಖ ಎರಡೂ ಇದ್ದರೆ ನಿಮಗೆ ರಕ್ಷಣೆ ಇದೆ.

ಕನ್ನಡ, ಇತಿಹಾಸದ ಥೀಸಿಸ್ ಆದರೆ, ಯುನಿಕೋಡ್‌ನಲ್ಲಿ ಸ್ವಂತ ಟೈಪ್ ಮಾಡುವುದಾದರೆ, ಅಡಿಟಿಪ್ಪಣಿ ಮತ್ತು ಜೋಟೆರೊ. ಅದೇ ಥೀಸಿಸ್ ಡಿಟಿಪಿಯಲ್ಲಿ ಆಗುವುದಾದರೆ ಅಧ್ಯಾಯದ ಕೊನೆಯ ಟಿಪ್ಪಣಿ, ಇಲ್ಲವೇ ಗೈಡ್ ಒಪ್ಪಿದರೆ ಹೆಸರು–ವರ್ಷ. ಸಮಾಜವಿಜ್ಞಾನ, ಶಿಕ್ಷಣದವರು ಎಪಿಎ ಬಿಟ್ಟು ಬೇರೆ ಹುಡುಕಬೇಡಿ. ಇಂಗ್ಲಿಷ್ ಎಂ.ಎ. ಪೇಪರಿಗೆ ಎಂಎಲ್‌ಎ. ಮಂಡ್ಯದ ಪ್ರಾಜೆಕ್ಟ್ ರಿಪೋರ್ಟಿಗೆ ಐಇಇಇ. ಕೃಷಿ ವಿಜ್ಞಾನದವರು ತಮ್ಮ ವಿಶ್ವವಿದ್ಯಾಲಯದ ಥೀಸಿಸ್ ಮಾದರಿಯನ್ನೇ ಅನುಸರಿಸಿ. ವಾರದೊಳಗೆ ಬಿ.ಎಡ್. ಅಸೈನ್‌ಮೆಂಟ್ ಕೊಡಬೇಕಾದವರಿಗೆ ಎಪಿಎ ಮತ್ತು ಫೋನಿನಲ್ಲಿ ಜೋಟೆರೊಬಿಬ್ ಸಾಕು.

ಊರಿನ ಸ್ಮರಣ ಸಂಚಿಕೆಗೋ ವಾರಪತ್ರಿಕೆಗೋ ಬರೆಯುವವರು ಉಳಿದರು. ಅಲ್ಲಿ ಟಿಪ್ಪಣಿಗೂ ಪಟ್ಟಿಗೂ ಜಾಗ ಇರುವುದಿಲ್ಲ. ಹಾಗೆಂದು ಸುಮ್ನೆ ಬಿಡಬಾರದು. ಮಾತಿನೊಳಗೇ ಸೇರಿಸಿ: "ರೈಸ್ ಅವರ 1894ರ ಎಪಿಗ್ರಾಫಿಯಾ ಕರ್ನಾಟಿಕಾ 3ನೇ ಸಂಪುಟದಲ್ಲಿ ಈ ಶಾಸನದ ಪಾಠ ಇದೆ, ಇಂಟರ್‌ನೆಟ್ ಆರ್ಕೈವ್‌ನಲ್ಲಿ ಓದಬಹುದು." ಒಂದು ವಾಕ್ಯ, ಯಾವ ಪದ್ಧತಿಯದ್ದೂ ಅಲ್ಲ. ಆದರೂ ಓದುವವರು ನೇರವಾಗಿ ಆ ಪುಸ್ತಕಕ್ಕೆ ಹೋಗಬಹುದು.